ಓಪನ್‌ಬಿಎಂಸಿಗೆ ಮೊದಲ ಪ್ಯಾಚ್: ಬರವಣಿಗೆಯ ಶಿಸ್ತು, ಕೋಡಿನ ಶಿಸ್ತು

ಮೂಡಿಗೆರೆ ತಾಲ್ಲೂಕಿನ ನಮ್ಮ ರೊಬಸ್ಟಾ ತೋಟದ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ತಂದೆಯವರು ದಿನವೂ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಅದರಲ್ಲಿ ಬರೆಯುತ್ತಾರೆ. ಕಾಫಿ ಬೆಳೆಗಾರರ ಲೆಕ್ಕ ಇಂಚು ಮತ್ತು ಸೆಂಟಿನದು. ನೂರು ಸೆಂಟ್ ಸೇರಿದರೆ ಒಂದು ಇಂಚು. ಒಂದು ವರ್ಷ ಹೂಮಳೆಯ ಹೊತ್ತಿಗೆ ಅವರು ಮದುವೆಯೊಂದಕ್ಕೆ ಹೊರಗೆ ಹೋಗಿದ್ದರು. ನಾನು ಬೆಂಗಳೂರಿನಿಂದ ತಂದಿದ್ದ ಮಿಲಿಮೀಟರ್ ಗೆರೆಗಳ ಹೊಸ ಮಾಪಕದಲ್ಲಿ ಅಳೆದು, ಅದೇ ಅಂಕಣದಲ್ಲಿ 28 ಎಂದು ಬರೆದಿಟ್ಟು ಬಸ್ ಹತ್ತಿದೆ. 28 ಮಿಲಿಮೀಟರ್ ಎಂದರೆ ಒಂದು ಇಂಚು ಹತ್ತು ಸೆಂಟ್, ಹೂವಿಗೆ ಸಾಕಾಗುವಷ್ಟು ಮಳೆ. ಕೆಲವು ದಿನಗಳ ನಂತರ ಊರಿಗೆ ಬಂದ ತಂದೆಯವರು ಅದನ್ನು 28 ಸೆಂಟ್ ಎಂದು ಓದಿಕೊಂಡರು. ಕಾಲಿಂಚು ಮಳೆಗೆ ಹೂವು ಸರಿಯಾಗಿ ಅರಳುವುದಿಲ್ಲವೆಂದು ಎರಡು ದಿನ ಡೀಸೆಲ್ ಸುರಿದು ಸ್ಪ್ರಿಂಕ್ಲರ್ ಓಡಿಸಿದರು. ಅಂಕಿಯಲ್ಲಿ ತಪ್ಪಿರಲಿಲ್ಲ. ಅಂಕಿಯ ಪಕ್ಕದಲ್ಲಿ ಇರಬೇಕಾಗಿದ್ದ ಒಂದು ಪದ ಇರಲಿಲ್ಲ.

ಸರ್ವರ್ ನಿರ್ವಹಣೆಯ ಫರ್ಮ್‌ವೇರ್‌ನಲ್ಲಿ (ಯಂತ್ರದೊಳಗೇ ಕೂತಿರುವ ತಂತ್ರಾಂಶದಲ್ಲಿ) ನಾನು ಕಾಣುವ ತಪ್ಪುಗಳಲ್ಲಿ ಬಹಳಷ್ಟು ಇದೇ ಜಾತಿಯವು. ಬರೆದವರು ಒಂದು ಊರಿನಲ್ಲಿ, ಓದುವವರು ಇನ್ನೊಂದು ದೇಶದಲ್ಲಿ. ನಡುವೆ ಮೂರು ವರ್ಷ ಕಳೆದಿರುತ್ತದೆ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯದಲ್ಲೋ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುತ್ತಿರುವ, ಓದಿ ಮುಗಿಸಿ ಊರಿನಲ್ಲೇ ಕುಳಿತು ಏನಾದರೂ ಮಾಡಬೇಕೆಂದಿರುವ ಯುವಕ ಯುವತಿಯರಿಗಾಗಿ ಈ ಲೇಖನ ಬರೆಯುತ್ತಿದ್ದೇನೆ. ಅಂಥ ಫರ್ಮ್‌ವೇರ್‌ನ ಮುಕ್ತ ಯೋಜನೆಯಾದ ಓಪನ್‌ಬಿಎಂಸಿಗೆ ಮೊದಲ ಪ್ಯಾಚ್, ಅಂದರೆ ತಿದ್ದುಪಡಿ, ಕಳುಹಿಸುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ನಿಮ್ಮ ಹತ್ತಿರ ಸರ್ವರ್ ಇರಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್, ತಕ್ಕಮಟ್ಟಿಗಿನ ಇಂಟರ್‌ನೆಟ್, ಸಿ ಪ್ಲಸ್ ಪ್ಲಸ್ ಭಾಷೆಯ ಸಾಧಾರಣ ಪರಿಚಯ ಇದ್ದರೆ ಸಾಕು.

ಯಾವ ವಸ್ತುವಿನ ಬಗ್ಗೆ ಮಾತು

ಪ್ರತಿ ಸರ್ವರ್‌ನ ಮದರ್‌ಬೋರ್ಡಿನ ಮೇಲೆ ಮುಖ್ಯ ಪ್ರೊಸೆಸರ್ ಅಲ್ಲದೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಚಿಕ್ಕದಾಗಿ ಬಿಎಂಸಿ. ಸರ್ವರ್ ಆರಿಸಿದ್ದರೂ ಇದು ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ಎಚ್ಚರವಾಗಿರುತ್ತದೆ. ದೂರದಿಂದ ಸರ್ವರ್ ಆನ್ ಮಾಡುವುದು, ಫ್ಯಾನಿನ ವೇಗ ಏರಿಸಿ ಇಳಿಸುವುದು, ತಾಪ ಮತ್ತು ವೋಲ್ಟೇಜ್ ಓದುವುದು, ಏನು ಕೆಟ್ಟಿತೆಂದು ದಾಖಲಿಸುವುದು, ಎಲ್ಲವೂ ಇದರ ಕೆಲಸ. ತೋಟಕ್ಕೆ ರೈಟರ್ (ಲೆಕ್ಕ ಬರೆಯುವವರು) ಇದ್ದ ಹಾಗೆ: ಮಾಲೀಕರು ಊರಿನಲ್ಲಿ ಇಲ್ಲದಿದ್ದರೂ ಚೆಕ್‌ರೋಲ್ (ಆಳುಗಳ ಹಾಜರಿ) ನಿಲ್ಲುವುದಿಲ್ಲ.

ಹಿಂದೆ ಈ ಫರ್ಮ್‌ವೇರ್ ತಯಾರಕರ ಮುಚ್ಚಿದ ಪೆಟ್ಟಿಗೆಯಾಗಿತ್ತು. 1998ರಲ್ಲಿ ಬಂದ ಐಪಿಎಂಐ ಎಂಬ ಮಾನದಂಡ, 2015ರಲ್ಲಿ ಡಿಎಂಟಿಎಫ್ ಎಂಬ ಉದ್ಯಮ ಒಕ್ಕೂಟ ಹೊರತಂದ ರೆಡ್‌ಫಿಶ್ ಮಾನದಂಡ, ಇವು ಹೊರಗಿನಿಂದ ಮಾತನಾಡುವ ಬಾಗಿಲನ್ನು ಒಂದೇ ಅಳತೆಗೆ ತಂದವು; ಒಳಗಿನ ಕೋಡ್ ಮಾತ್ರ ಕಾಣುತ್ತಿರಲಿಲ್ಲ. ಓಪನ್‌ಬಿಎಂಸಿ ಆ ಪೆಟ್ಟಿಗೆಯನ್ನು ತೆರೆಯಿತು. 2018ರ ಮಾರ್ಚ್‌ನಲ್ಲಿ ಅದು ಲಿನಕ್ಸ್ ಫೌಂಡೇಷನ್ನಿನ ಯೋಜನೆಯಾಯಿತು. ಫೇಸ್‌ಬುಕ್, ಗೂಗಲ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಸ್ಥಾಪಕರು. ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿ ನಡೆಸುವವರ ನೌಕರರು ಒಂದೇ ಕಡತವನ್ನು ತಿದ್ದುತ್ತಾರೆ. ಆದ್ದರಿಂದ ಇಲ್ಲಿ ನಿಯಮಗಳಿಗೆ ಇಷ್ಟು ಬೆಲೆ. ಎದುರು ಕುಳಿತು ವಿವರಿಸಲು ಯಾರೂ ಸಿಗುವುದಿಲ್ಲ, ಬರೆದದ್ದೇ ಮಾತು.

ಮೊದಲು ಓದಿ, ಆಮೇಲೆ ಓಡಿಸಿ

ಯೋಜನೆಯ ರೆಪಾಸಿಟರಿಗಳು, ಅಂದರೆ ಕೋಡಿನ ಸಂಗ್ರಹಗಳು, ನೂರಕ್ಕೂ ಹೆಚ್ಚು. ಎಲ್ಲವನ್ನೂ ತೆರೆದು ಕುಳಿತರೆ ದಿಕ್ಕು ತಪ್ಪುತ್ತದೆ. 'ಡಾಕ್ಸ್' ಎಂಬ ಒಂದೇ ರೆಪಾಸಿಟರಿಯನ್ನು ಇಳಿಸಿಕೊಳ್ಳಿ. ಅದರಲ್ಲಿ ಕೊಡುಗೆ ನೀಡುವ ಕ್ರಮದ ಕಡತ, ಸಿ ಪ್ಲಸ್ ಪ್ಲಸ್ ಶೈಲಿಯ ಕಡತ, ಮಾಡಬಾರದ ರೂಢಿಗಳ ಪಟ್ಟಿ, ಈ ಮೂರನ್ನು ಓದಿ. ಎರಡು ಸಂಜೆಯ ಕೆಲಸ. ವಿನ್ಯಾಸಗಳ ಫೋಲ್ಡರ್ ಒಂದಿದೆ. ಅದರಿಂದ ನಿಮಗೆ ಆಸಕ್ತಿ ಹುಟ್ಟಿಸುವ ಒಂದು ಕಡತವನ್ನು ಮಾತ್ರ ಓದಿ.

ಬಳಿಕ ಕೈಗೆ ಕೆಲಸ ಕೊಡಿ. ಇಡೀ ವ್ಯವಸ್ಥೆಯನ್ನು ಯೋಕ್ಟೋ ಎಂಬ ಲಿನಕ್ಸ್ ಕಟ್ಟುವ ಉಪಕರಣ ಬಳಸಿ ಮೊದಲ ಬಾರಿಗೆ ಕಟ್ಟಲು ಹತ್ತಾರು ಜಿಬಿ ಜಾಗ ಬೇಕು, ಗಂಟೆಗಟ್ಟಲೆ ಹೊತ್ತು ಬೇಕು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಕಡೆ ಅದನ್ನು ಮೊದಲ ದಿನವೇ ಹಚ್ಚಿಕೊಳ್ಳಬೇಡಿ. ರೊಮ್ಯುಲಸ್ ಎಂಬ ಬೋರ್ಡಿಗೆ ಕಟ್ಟಿ ಸಿದ್ಧವಾದ ಇಮೇಜ್ ಯೋಜನೆಯ ಜೆಂಕಿನ್ಸ್ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ) ಸರ್ವರ್‌ನಲ್ಲಿ ಸಿಗುತ್ತದೆ. ಗಾತ್ರ 32 ಎಂಬಿ ಮಾತ್ರ. ಅದನ್ನು ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ರೊಮ್ಯುಲಸ್ ಬಿಎಂಸಿ ಯಂತ್ರವೆಂದು ಹೇಳಿ ಓಡಿಸಬೇಕು. ಒಳಗಿನ 22ನೇ ಪೋರ್ಟನ್ನು ನಿಮ್ಮ ಲ್ಯಾಪ್‌ಟಾಪಿನ 2222ಕ್ಕೆ, 443ನೇ ಪೋರ್ಟನ್ನು 2443ಕ್ಕೆ ಜೋಡಿಸಿಕೊಳ್ಳಿ. ಕೆಲವು ನಿಮಿಷಗಳಲ್ಲಿ ಲಾಗಿನ್ ಕೇಳುತ್ತದೆ. ಬಳಕೆದಾರರ ಹೆಸರು ರೂಟ್. ಗುಪ್ತಪದ ಓಪನ್‌ಬಿಎಂಸಿ ಎಂಬುದೇ, ಆದರೆ ಮೊದಲನೆಯದು ಇಂಗ್ಲಿಷಿನ ಓ ಅಲ್ಲ, ಸೊನ್ನೆ. ಬಿ ಮಾತ್ರ ದೊಡ್ಡಕ್ಷರ. ನನ್ನ ಬಳಿ ಕಲಿಯಲು ಬಂದವರಲ್ಲಿ ಅರ್ಧ ಜನ ಈ ಸೊನ್ನೆಯ ಮುಂದೆಯೇ ಅರ್ಧ ಗಂಟೆ ಕಳೆದಿದ್ದಾರೆ.

ಒಳಗೆ ಹೋದ ಮೇಲೆ ಬಸ್‌ಸಿಟಿಎಲ್ ಎಂಬ ಉಪಕರಣದಿಂದ ಡಿ-ಬಸ್‌ನ ಮರವನ್ನು ನೋಡಿ. ಓಪನ್‌ಬಿಎಂಸಿಯಲ್ಲಿ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಪುಟ್ಟ ಪ್ರೋಗ್ರಾಂ ಇದೆ. ಅವು ಒಂದರೊಡನೊಂದು ಮಾತನಾಡುವುದು ಡಿ-ಬಸ್ ಮೂಲಕ. ಅವುಗಳನ್ನು ಎಬ್ಬಿಸುವುದು, ಬಿದ್ದರೆ ಮತ್ತೆ ನಿಲ್ಲಿಸುವುದು ಸಿಸ್ಟಂಡಿ. ಹೊರಗಿನವರ ರೆಡ್‌ಫಿಶ್ ಪ್ರಶ್ನೆಗೆ ಉತ್ತರ ಕೊಡುವುದು ಬಿಎಂಸಿವೆಬ್ ಎಂಬ ಪ್ರೋಗ್ರಾಂ. ಈ ಚಿತ್ರ ಕಣ್ಣಿಗೆ ಕಟ್ಟಿದರೆ ಮುಂದಿನ ನಿಯಮಗಳಿಗೆಲ್ಲ ಅರ್ಥ ಬರುತ್ತದೆ.

ಮೊದಲ ಪ್ಯಾಚ್ ದಾಖಲೆಯದಾಗಲಿ

ಇದು ನನ್ನ ದೃಢವಾದ ಅಭಿಪ್ರಾಯ. ದಾಖಲೆ ತಿದ್ದುವುದು ಕೋಡ್ ಬರೆಯಲು ಬಾರದವರ ಕೆಲಸವೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಅದು ಸರಿಯಲ್ಲ. ದಾಖಲೆಯಲ್ಲಿರುವ ಹೆಜ್ಜೆಗಳನ್ನು ಹೊಸಬರು ಅನುಸರಿಸಿದಾಗ ಎಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಎಂಬುದು ಹಳಬರಿಗೆ ಕಾಣುವುದಿಲ್ಲ. ಅವರ ಕೈ ಅಭ್ಯಾಸದಿಂದ ಅದನ್ನು ದಾಟಿಬಿಡುತ್ತದೆ. ನೀವು ಎಡವಿದ ಜಾಗವೇ ನಿಮ್ಮ ಮೊದಲ ಪ್ಯಾಚ್. ಎಡವಿದ ತಕ್ಷಣ ಗುರುತು ಹಾಕಿಕೊಳ್ಳಿ, ಏಕೆಂದರೆ ವಾರ ಕಳೆದರೆ ನೀವೂ ಹಳಬರಾಗುತ್ತೀರಿ.

ದಾಖಲೆಗಳು ಮಾರ್ಕ್‌ಡೌನ್ ರೂಪದಲ್ಲಿವೆ. ಸಾಲು 80 ಅಕ್ಷರ ದಾಟಬಾರದು. ಪ್ರೆಟಿಯರ್ ಎಂಬ ಉಪಕರಣ ಸಾಲುಗಳನ್ನು ತಾನೇ ಮಡಿಸುತ್ತದೆ, ಮಾರ್ಕ್‌ಡೌನ್‌ಲಿಂಟ್ ರಚನೆಯ ತಪ್ಪು ತೋರಿಸುತ್ತದೆ. ಇವೆರಡನ್ನೂ ನಿಮ್ಮ ಎಡಿಟರಿಗೆ ಸೇರಿಸಿಕೊಂಡು ಮರೆತುಬಿಡಿ. ಯಂತ್ರ ನೋಡಿಕೊಳ್ಳುವ ಸಂಗತಿಗೆ ಮನುಷ್ಯರು ವಾದಿಸಬಾರದು. ಮನಸ್ಸು ಕೊಡಬೇಕಾದದ್ದು ಬೇರೆ ಕಡೆ.

ಒಂದು ಆದೇಶವನ್ನು (ಕಮಾಂಡ್) ಬರೆದರೆ ಅದನ್ನು ಎಲ್ಲಿ ಓಡಿಸಬೇಕು ಎಂದು ಬರೆಯಿರಿ: ನಿಮ್ಮ ಲ್ಯಾಪ್‌ಟಾಪಿನಲ್ಲೋ, ಬಿಎಂಸಿಯ ಒಳಗೋ, ಸರ್ವರ್‌ನ ಮುಖ್ಯ ಆಪರೇಟಿಂಗ್ ಸಿಸ್ಟಂನಲ್ಲೋ. ಮೂರೂ ಕಡೆ ಲಿನಕ್ಸ್ ಇರಬಹುದು, ಮೂರೂ ಕಡೆ ರೂಟ್ ಇರಬಹುದು. 'ರೀಬೂಟ್ ಮಾಡಿ' ಎಂದಷ್ಟೇ ಬರೆದ ಸಾಲನ್ನು ಓದಿದವರು ಬಿಎಂಸಿಯ ಬದಲು ಕೆಲಸ ಮಾಡುತ್ತಿದ್ದ ಸರ್ವರನ್ನೇ ಮರುಆರಂಭಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಶಸ್ಸು ಹೇಗೆ ಕಾಣುತ್ತದೆ ಎಂಬುದನ್ನೂ ಹೇಳಿ; ಆದೇಶದ ನಂತರ ಪರದೆಯ ಮೇಲೆ ಏನು ಬರಬೇಕು, ಎಷ್ಟು ಹೊತ್ತು ಕಾಯಬೇಕು. 'ಸುಲಭವಾಗಿ', 'ಕೇವಲ' ಎಂಬಂಥ ಪದಗಳನ್ನು ತೆಗೆದುಹಾಕಿ. ಓದುವವರಿಗೆ ಅದು ಸುಲಭವಾಗದಿದ್ದಾಗ ಆ ಪದ ಅವರನ್ನೇ ಚುಚ್ಚುತ್ತದೆ.

ಪದಗಳ ಆಯ್ಕೆಯ ಬಗ್ಗೆ ಯೋಜನೆಗೆ ಒಂದು ನಿಲುವಿದೆ. ಯಜಮಾನ, ಗುಲಾಮ ಎಂಬ ಅರ್ಥದ ಹಳೆಯ ತಾಂತ್ರಿಕ ಪದಗಳನ್ನು ಹೊಸ ಬರವಣಿಗೆಯಲ್ಲಿ ತರಬಾರದು. ಇನ್‌ಕ್ಲೂಸಿವ್ ನೇಮಿಂಗ್ ಇನಿಷಿಯೇಟಿವ್ ಎಂಬ ಉಪಕ್ರಮದ ಪಟ್ಟಿಯನ್ನು ಅವರು ಅನುಸರಿಸುತ್ತಾರೆ. ನಿಮ್ಮ ಪಠ್ಯಪುಸ್ತಕದಲ್ಲಿ ಆ ಪದಗಳೇ ಇರಬಹುದು, ಅಭ್ಯಾಸದಿಂದ ಬಂದುಬಿಡುತ್ತವೆ. ಕಳುಹಿಸುವ ಮೊದಲು ಒಮ್ಮೆ ಹುಡುಕಿ ನೋಡಿ.

ಅಂಕಿಯ ಪಕ್ಕದ ಪದ

ಈಗ ಮಳೆ ಪುಸ್ತಕಕ್ಕೆ ಮರಳೋಣ, ಏಕೆಂದರೆ ಓಪನ್‌ಬಿಎಂಸಿಯಲ್ಲಿ ದಾಖಲೆ ಮತ್ತು ಕೋಡ್ ಒಂದಾಗುವ ಜಾಗ ಇಲ್ಲೇ ಇದೆ. ಫಾಸ್ಫರ್-ಡಿಬಸ್-ಇಂಟರ್‌ಫೇಸಸ್ ಎಂಬ ರೆಪಾಸಿಟರಿಯಲ್ಲಿ ಪ್ರತಿಯೊಂದು ಡಿ-ಬಸ್ ಇಂಟರ್‌ಫೇಸಿಗೂ ಒಂದು ಯಾಮಲ್ ಕಡತ (ಸರಳ ಪಠ್ಯರೂಪದ ವಿವರ ಕಡತ) ಇದೆ. ಗುಣದ (ಪ್ರಾಪರ್ಟಿಯ) ಹೆಸರು, ಅದರ ಪ್ರಕಾರ, ಪೂರ್ವನಿಗದಿತ ಮೌಲ್ಯ, ಮತ್ತು ವಿವರಣೆ. ಎಸ್‌ಡಿಬಸ್‌ಪ್ಲಸ್ ಎಂಬ ಉಪಕರಣ ಈ ಕಡತದಿಂದಲೇ ಸಿ ಪ್ಲಸ್ ಪ್ಲಸ್ ಕೋಡ್ ಹುಟ್ಟಿಸುತ್ತದೆ, ಇದರಿಂದಲೇ ಓದುವ ದಾಖಲೆಯನ್ನೂ ತೆಗೆಯಬಹುದು. ಆದ್ದರಿಂದ ವಿವರಣೆಯ ಸಾಲು ಅಲಂಕಾರವಲ್ಲ, ಕರಾರು ಪತ್ರದ ಸಾಲು.

ಸೆನ್ಸರ್‌ಗಳ ಕಥೆಯನ್ನೇ ನೋಡಿ. ಹಿಂದೆ ಸೆನ್ಸರ್ ಮೌಲ್ಯವನ್ನು ಪೂರ್ಣಾಂಕವಾಗಿ ಇಟ್ಟು, ಅದನ್ನು ಹತ್ತರ ಯಾವ ಘಾತದಿಂದ ಗುಣಿಸಬೇಕೆಂಬುದನ್ನು ಸ್ಕೇಲ್ ಎಂಬ ಇನ್ನೊಂದು ಗುಣದಲ್ಲಿ ಹೇಳುತ್ತಿದ್ದರು. 28500 ಎಂಬ ಅಂಕಿ, ಸ್ಕೇಲ್ ಋಣ ಮೂರು, ಅಂದರೆ 28.5 ಡಿಗ್ರಿ. ಎರಡನೆಯದನ್ನು ಓದಲು ಮರೆತ ಪ್ರೋಗ್ರಾಂಗೆ ಕೊಠಡಿಯೇ ಕುಲುಮೆ. ಈಗ ಮೌಲ್ಯ ದಶಾಂಶ ಸಂಖ್ಯೆಯಾಗಿಯೇ ಇರುತ್ತದೆ, ಸ್ಕೇಲ್ ಹೋಗಿದೆ, ಅಳತೆಮಾನ ಮಾತ್ರ ಜೊತೆಗೇ ಉಳಿದಿದೆ: ಸೆಲ್ಸಿಯಸ್ ಡಿಗ್ರಿ, ನಿಮಿಷಕ್ಕೆ ಸುತ್ತು, ವೋಲ್ಟ್, ಆಂಪಿಯರ್, ವ್ಯಾಟ್ ಹೀಗೆ.

ನೀವು ಹೊಸ ಗುಣಕ್ಕೆ ವಿವರಣೆ ಬರೆಯುವಾಗ 'ಫ್ಯಾನಿನ ವೇಗ' ಎಂದು ನಿಲ್ಲಿಸಬೇಡಿ. ಹೆಸರೇ ಅದನ್ನು ಹೇಳುತ್ತಿದೆ. ಆ ವೇಗ ಅಳೆದದ್ದೋ ಬಯಸಿದ್ದೋ? ಸುತ್ತುಗಳಲ್ಲೋ ಶೇಕಡದಲ್ಲೋ? ಫ್ಯಾನ್ ಕಿತ್ತಿಟ್ಟಾಗ ಏನು ಕಾಣುತ್ತದೆ, ಸೊನ್ನೆಯೋ ಅಥವಾ ಸಂಖ್ಯೆಯೇ ಅಲ್ಲದ ಗುರುತೋ? ಸೊನ್ನೆ ಎಂದರೆ ಫ್ಯಾನ್ ನಿಂತಿದೆ ಎಂದರ್ಥ, ಓದಲಾಗಲಿಲ್ಲ ಎಂಬುದು ಬೇರೆಯೇ ಮಾತು. ಮಳೆ ಬಾರದ ದಿನ ತಂದೆಯವರು ಸೊನ್ನೆ ಬರೆಯುತ್ತಾರೆ, ಅಳೆಯಲಾಗದ ದಿನ ಅಡ್ಡಗೆರೆ ಎಳೆಯುತ್ತಾರೆ. ಐವತ್ತು ವರ್ಷದ ಪುಸ್ತಕ ಇವತ್ತಿಗೂ ಉಪಯೋಗಕ್ಕೆ ಬರುತ್ತಿರುವುದು ಆ ಅಡ್ಡಗೆರೆಯಿಂದ.

ಕೋಡಿನ ಶೈಲಿ

ಹೆಚ್ಚಿನದನ್ನು ಕ್ಲಾಂಗ್-ಫಾರ್ಮ್ಯಾಟ್ ನೋಡಿಕೊಳ್ಳುತ್ತದೆ. ನಾಲ್ಕು ಸ್ಪೇಸಿನ ಒಳಸರಿತ, ಆವರಣ ಚಿಹ್ನೆ ತನ್ನದೇ ಸಾಲಿನಲ್ಲಿ, 80 ಅಕ್ಷರದ ಮಿತಿ. ರೆಪಾಸಿಟರಿಯಲ್ಲಿರುವ ಸಂರಚನಾ ಕಡತವನ್ನೇ ಬಳಸಿ, ನಿಮ್ಮ ಎಡಿಟರಿನ ಸ್ವಂತ ರುಚಿಯನ್ನಲ್ಲ. ಸಿ ಪ್ಲಸ್ ಪ್ಲಸ್ ಹೆಡರ್ ಕಡತದ ಕೊನೆ ಎಚ್‌ಪಿಪಿ, ಮೂಲ ಕಡತದ ಕೊನೆ ಸಿಪಿಪಿ. ಹೆಡರಿನ ತಲೆಯಲ್ಲಿ ಪ್ರಾಗ್ಮಾ ವನ್ಸ್.

ಹೆಸರಿಡುವ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಕಲಿಯಬೇಕು. ಕ್ಲಾಸ್, ಸ್ಟ್ರಕ್ಟ್, ಈನಮ್ ಮುಂತಾದ ಪ್ರಕಾರಗಳ ಹೆಸರಿನಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದು. ಚರಾಕ್ಷರ ಮತ್ತು ಫಂಕ್ಷನ್‌ಗಳಲ್ಲಿ ಮೊದಲ ಪದ ಸಣ್ಣಕ್ಷರದಿಂದ ಆರಂಭ, ಮುಂದಿನ ಪದಗಳ ಮೊದಲಕ್ಷರ ದೊಡ್ಡದು, ನಡುವೆ ಅಂಡರ್‌ಸ್ಕೋರ್ ಇಲ್ಲ. ಸ್ಥಿರಾಂಕಗಳೂ ಈನಮ್ ಸದಸ್ಯರೂ ಚರಾಕ್ಷರದಂತೆಯೇ. ಹಳೆಯ ಸಿ ಭಾಷೆಯವರ ಹಾಗೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವಂತಿಲ್ಲ. ನೇಮ್‌ಸ್ಪೇಸ್‌ಗೆ ಸಣ್ಣಕ್ಷರ ಮತ್ತು ಅಂಡರ್‌ಸ್ಕೋರ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಮಾತು: ನಮ್ಮ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರ ಎಂಬ ಭೇದವೇ ಇಲ್ಲ, ಹಾಗಾಗಿ ಕಣ್ಣು ಅದನ್ನು ಅರ್ಥವಿರುವ ವ್ಯತ್ಯಾಸವೆಂದು ಹಿಡಿಯಲು ಕೆಲವು ವಾರ ಬೇಕಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಹತ್ತು ಹೆಸರುಗಳನ್ನು ಕೈಯಿಂದ ಕಾಗದದ ಮೇಲೆ ಬರೆದು ಅಭ್ಯಾಸ ಮಾಡಿ. ನನಗೆ ಆಗ ಫಲ ಕೊಟ್ಟದ್ದು ಅದೇ.

ಶೈಲಿಯ ಕಡತದಲ್ಲಿ ಐಓಸ್ಟ್ರೀಮ್ ಬೇಡ ಎಂಬ ಮಾತು ಬರುತ್ತದೆ. ಕಾಲೇಜಿನಲ್ಲಿ ಮೊದಲ ದಿನ ಕಲಿತದ್ದೇ ಅದು, ಇದೇನು ಎನ್ನಿಸಬಹುದು. ಕಾರಣ ಜಾಗದ್ದು. ನೀವು ಇಳಿಸಿಕೊಂಡ ಇಡೀ ಇಮೇಜ್ 32 ಎಂಬಿ ಎಂಬುದನ್ನು ನೆನಪಿಸಿಕೊಳ್ಳಿ. ಕರ್ನಲ್, ವೆಬ್ ಸರ್ವರ್, ಎಲ್ಲ ಸೇವೆಗಳೂ ಅದರಲ್ಲೇ ಹಿಡಿಸಬೇಕು. ಐಓಸ್ಟ್ರೀಮ್‌ನ ಬಾಣದ ಗುರುತುಗಳು ಪ್ರತಿಯೊಂದೂ ಒಂದು ಫಂಕ್ಷನ್ ಕರೆಯಾಗಿ ಬೈನರಿಯ ತೂಕ ಹೆಚ್ಚಿಸುತ್ತವೆ. ಲಾಗ್ ಬರೆಯಲು ಫಾಸ್ಫರ್-ಲಾಗಿಂಗ್‌ನ ಎಲ್‌ಜಿ2 ಬಳಸಿ. ಅದರಲ್ಲಿ ಸಂದೇಶ ಒಂದು ಸ್ಥಿರವಾದ ವಾಕ್ಯ, ಬದಲಾಗುವ ಮೌಲ್ಯಗಳು ಹೆಸರಿಟ್ಟ ಕೀಲಿಗಳು. ವಾಕ್ಯದೊಳಗೆ ಮೌಲ್ಯವನ್ನು ಕಲಸಿಬಿಟ್ಟರೆ ಆಮೇಲೆ ಹುಡುಕಲು ಆಗುವುದಿಲ್ಲ. ಕೀಲಿಯಾಗಿಟ್ಟರೆ ಜರ್ನಲ್ ಎಂಬ ಲಾಗ್ ಸಂಗ್ರಹದಲ್ಲಿ ಅದನ್ನೇ ಹಿಡಿದು ಸೋಸಬಹುದು.

ಮಾಡಬಾರದ ರೂಢಿಗಳು

ಓಪನ್‌ಬಿಎಂಸಿಯ ದಾಖಲೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಈ ಕಡತ. ಪ್ರತಿ ತಪ್ಪಿಗೂ ನಾಲ್ಕು ಭಾಗ: ಗುರುತಿಸುವುದು ಹೇಗೆ, ಅದೇನು, ಅದು ಹೇಗೆ ಬಂತು, ಪರಿಹಾರವೇನು. ಮೂರನೆಯ ಭಾಗವೇ ಅದರ ಸೊಗಸು. ತಪ್ಪು ಮಾಡಿದವರಿಗೂ ಒಂದು ಕಾರಣವಿತ್ತು ಎಂದು ಒಪ್ಪಿಕೊಂಡು ಬರೆದ ನಿಯಮವನ್ನು ಓದುವವರು ಮನಸ್ಸಿಟ್ಟು ಪಾಲಿಸುತ್ತಾರೆ. ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನಿರೀಕ್ಷೆಯೇ ಇಲ್ಲದ ದೋಷ ಬಂದಾಗ ಅದನ್ನು ಹಿಡಿದು, ಒಂದು ಲಾಗ್ ಸಾಲು ಬರೆದು, ಸದ್ದಿಲ್ಲದೆ ಹೊರಬರುವ ಕೋಡ್ ಬೇಡ. ಹೊಸಬರು ಇದನ್ನು ಜವಾಬ್ದಾರಿಯ ಕೋಡ್ ಎಂದೇ ಭಾವಿಸಿ ಬರೆಯುತ್ತಾರೆ. ಆದರೆ ಹಿಡಿದ ಜಾಗದಲ್ಲಿ ಮೂಲ ಕಾರಣದ ಜಾಡು ಅಳಿಸಿಹೋಗುತ್ತದೆ. ಅದನ್ನು ಹಾಗೆಯೇ ಬೀಳಲು ಬಿಟ್ಟರೆ ಬಿದ್ದ ಕ್ಷಣದ ಕೋರ್ ಡಂಪ್ (ಆಗಿನ ಮೆಮೊರಿಯ ನಕಲು) ಸಿಗುತ್ತದೆ, ಸಿಸ್ಟಂಡಿ ಸೇವೆಯನ್ನು ಮತ್ತೆ ಎಬ್ಬಿಸುತ್ತದೆ. ಏನು ಮಾಡಬೇಕೆಂದು ನಿಮಗೆ ನಿಜವಾಗಿ ಗೊತ್ತಿರುವ ದೋಷವನ್ನಷ್ಟೇ ಹಿಡಿಯಿರಿ.

ಡಿ-ಬಸ್ ಮೇಲೆ ಬರಿಯ ಜಿಪಿಐಓ ತಂತಿಯನ್ನು (ಚಿಪ್ಪಿನ ಸಾಮಾನ್ಯ ಸಂಕೇತ ತಂತಿ) ತೋರಿಸಬೇಡಿ. ಹದಿನೇಳನೆಯ ತಂತಿ ಮೇಲಿದೆಯೋ ಕೆಳಗಿದೆಯೋ ಎಂಬುದು ಆ ಬೋರ್ಡಿನ ಗುಟ್ಟು; ಮುಂದಿನ ಬೋರ್ಡಿನಲ್ಲಿ ಅದು ಬೇರೆಯಾಗುತ್ತದೆ. ಪವರ್ ಗುಂಡಿ ಒತ್ತಲಾಗಿದೆ, ಫ್ಯಾನ್ ಜಾಗದಲ್ಲಿದೆ ಎಂಬ ಅರ್ಥವನ್ನು ತೋರಿಸಿ.

ಕಾಲ್‌ಬ್ಯಾಕ್ ಲ್ಯಾಂಬ್ಡಾಗಳನ್ನು ಒಂದರೊಳಗೊಂದು ಹೊಸೆದು ಪುಟಗಟ್ಟಲೆ ಉದ್ದ ಮಾಡಬೇಡಿ. ಹೆಸರಿರುವ ಫಂಕ್ಷನ್ನಾಗಿ ಹೊರತೆಗೆದರೆ ಓದಲೂ ಸುಲಭ, ಪರೀಕ್ಷಿಸಲೂ ಸುಲಭ. ಸಿಸ್ಟಂಡಿ ಯೂನಿಟ್ ಕಡತದಲ್ಲಿ ಪ್ರೋಗ್ರಾಂನ ಪೂರ್ಣ ದಾರಿಯನ್ನೇ ಬರೆಯಿರಿ, ಎನ್ವ್ ಎಂಬ ಮಧ್ಯವರ್ತಿಯ ಮೂಲಕ ಕರೆಯಬೇಡಿ. ಬಳಕೆದಾರರು ತಾವಾಗಿ ಕರೆಯದ ಹಿನ್ನೆಲೆ ಸೇವೆಗಳು ಲಿಬ್‌ಎಕ್ಸೆಕ್ ಫೋಲ್ಡರಿನಲ್ಲಿರಲಿ.

ಕಮಿಟ್ ಸಂದೇಶ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಓದಿ. ಕಮಿಟ್ ಸಂದೇಶವೆಂದರೆ ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ. ಕೋಡ್ ಏನು ಮಾಡುತ್ತದೆ ಎಂಬುದನ್ನು ಕೋಡೇ ಹೇಳುತ್ತದೆ. ಏಕೆ ಮಾಡಿದಿರಿ, ಮಾಡಿದ್ದು ಸರಿ ಎಂದು ಹೇಗೆ ಗೊತ್ತಾಯಿತು ಎಂಬ ಎರಡು ಸಂಗತಿಗಳು ಇನ್ನೆಲ್ಲೂ ಇರುವುದಿಲ್ಲ.

ಶೀರ್ಷಿಕೆ 50 ಅಕ್ಷರದೊಳಗೆ, ನಂತರ ಒಂದು ಖಾಲಿ ಸಾಲು, ಬಳಿಕ 72 ಅಕ್ಷರಕ್ಕೆ ಮಡಿಸಿದ ಒಡಲು. ಒಡಲಿನಲ್ಲಿ ಮೊದಲು ಈಗಿನ ತೊಂದರೆ, ಆಮೇಲೆ ನಿಮ್ಮ ದಾರಿ. ಕೊನೆಗೆ 'ಟೆಸ್ಟೆಡ್' ಎಂಬ ಪದ, ಕೋಲನ್, ಮತ್ತು ಪರೀಕ್ಷೆಯ ವಿವರ.

ನಾನು ಮೊದಲ ಪ್ಯಾಚ್ ಕಳುಹಿಸಿದಾಗ ಅಲ್ಲಿ 'ಬಿಲ್ಡ್ ಆಯಿತು' ಎಂದಷ್ಟೇ ಬರೆದಿದ್ದೆ. ಪರಿಶೀಲಕರು ಸೌಜನ್ಯದಿಂದಲೇ ಕೇಳಿದರು: ಯಾವ ಯಂತ್ರ, ಏನು ಮಾಡಿದಿರಿ, ಮೊದಲು ಏನು ಕಾಣುತ್ತಿತ್ತು, ಈಗ ಏನು ಕಾಣುತ್ತಿದೆ? ಉತ್ತರ ಬರೆಯಲು ಕುಳಿತಾಗಲೇ ನನಗೆ ಗೊತ್ತಾದದ್ದು, ಒಂದು ದಾರಿಯನ್ನು ನಾನು ಓಡಿಸಿ ನೋಡಿಯೇ ಇರಲಿಲ್ಲವೆಂದು. ಓಡಿಸಿದೆ, ಅದು ಕೆಟ್ಟಿತ್ತು. ಅಂದಿನಿಂದ ನಾನು ಈ ಭಾಗವನ್ನು ಕೋಡ್ ಮುಗಿಯುವ ಮೊದಲೇ ಬರೆಯಲು ಆರಂಭಿಸುತ್ತೇನೆ. ಹೀಗೆ: 'ರೊಮ್ಯುಲಸ್ ಇಮೇಜನ್ನು ಕ್ಯೂಎಮುನಲ್ಲಿ ಓಡಿಸಿದೆ. ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದೆ. ಮೊದಲು ಅಳತೆಮಾನದ ಗುಣ ಖಾಲಿ ಬರುತ್ತಿತ್ತು, ಈಗ ಸೆಲ್ಸಿಯಸ್ ಎಂದು ಬರುತ್ತಿದೆ. ನಿಜವಾದ ಬೋರ್ಡಿನಲ್ಲಿ ಪರೀಕ್ಷಿಸಿಲ್ಲ.' ಕೊನೆಯ ವಾಕ್ಯಕ್ಕೆ ಯಾರೂ ನಿಮ್ಮನ್ನು ದೂರುವುದಿಲ್ಲ. ಬೋರ್ಡ್ ಇರುವವರು ಯಾರಾದರೂ ಪರೀಕ್ಷಿಸಿ ಕೊಡಬಹುದು. ಆ ವಾಕ್ಯವಿಲ್ಲದಿದ್ದರೆ ಅವರಿಗೆ ಅದು ಬೇಕೆಂದೇ ತಿಳಿಯುವುದಿಲ್ಲ. ಸಂದೇಶವನ್ನು ಇಂಗ್ಲಿಷಿನಲ್ಲೇ ಬರೆಯಬೇಕು, ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಯೋಚನೆ ನೇರವಾಗಿದ್ದರೆ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ತಾನಾಗಿ ಬರುತ್ತದೆ. ದಾಖಲೆಯ ಪ್ಯಾಚ್ ಆದರೂ ಪರೀಕ್ಷೆ ಇದೆ: ಬರೆದ ಹೆಜ್ಜೆಗಳನ್ನು ಹೊಸದಾಗಿ ಆರಂಭಿಸಿ ಒಮ್ಮೆ ಅನುಸರಿಸಿದೆ, ಕೊಂಡಿಗಳು ತೆರೆಯುತ್ತವೆ ಎಂದು ಬರೆಯಿರಿ. ಬಿಎಂಸಿವೆಬ್ ಕೋಡನ್ನು ಮುಟ್ಟಿದ್ದರೆ ರೆಡ್‌ಫಿಶ್ ಸರ್ವಿಸ್ ವ್ಯಾಲಿಡೇಟರ್ ಓಡಿಸಿದ ಫಲಿತಾಂಶವನ್ನೂ ಸೇರಿಸಿ.

ಸಂದೇಶದ ಅಡಿಯಲ್ಲಿ 'ಸೈನ್ಡ್-ಆಫ್-ಬೈ' ಎಂಬ ಸಾಲಿರಬೇಕು. ಗಿಟ್ ಕಮಿಟ್ ಮಾಡುವಾಗ ಸಣ್ಣಕ್ಷರದ ಎಸ್ ಆಯ್ಕೆ ಕೊಟ್ಟರೆ ಅದೇ ಸೇರಿಸುತ್ತದೆ. ಈ ಕೆಲಸವನ್ನು ಈ ಪರವಾನಗಿಯಡಿ ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ ಅದು. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯಕ್ಕೆ ಹೋದಾಗ ಶಿಲ್ಪಗಳ ಪೀಠವನ್ನು ನೋಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಯಾವ ಮೂರ್ತಿಗೆ ಯಾರು ಹೊಣೆ ಎಂಬುದು ಒಂಬತ್ತು ಶತಮಾನದ ನಂತರವೂ ಓದಲು ಸಿಗುತ್ತದೆ. ನೌಕರಿಯಲ್ಲಿರುವವರು ಈ ಸಾಲು ಬರೆಯುವ ಮೊದಲು ಕಂಪನಿಯ ಒಪ್ಪಿಗೆ ಪಡೆಯಿರಿ. ಜೊತೆಗೆ ಕೊಡುಗೆದಾರರ ಪರವಾನಗಿ ಒಪ್ಪಂದಕ್ಕೆ ಒಮ್ಮೆ ಸಹಿ ಹಾಕಿ ಕಳುಹಿಸಬೇಕು. ವ್ಯಕ್ತಿಗೆ ಒಂದು ನಮೂನೆ, ಸಂಸ್ಥೆಗೆ ಇನ್ನೊಂದು. ನಮ್ಮ ಹೆಸರುಗಳಲ್ಲಿ ಊರಿನ, ತಂದೆಯ ಇನಿಷಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ ಬರುತ್ತದೆ. ಗಿಟ್‌ನಲ್ಲೂ ಒಪ್ಪಂದದಲ್ಲೂ ಒಂದೇ ರೂಪ ಇಟ್ಟುಕೊಳ್ಳಿ.

ಗೆರಿಟ್‌ಗೆ ಕಳುಹಿಸುವುದು

ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ತೆರೆದು ಕಾಯುತ್ತ ಕುಳಿತವರನ್ನು ನೋಡಿದ್ದೇನೆ. ಓಪನ್‌ಬಿಎಂಸಿಯ ಪರಿಶೀಲನೆ ನಡೆಯುವುದು ಗೆರಿಟ್ ಎಂಬ ಕೋಡ್ ಪರಿಶೀಲನಾ ತಾಣದಲ್ಲಿ. ಗಿಟ್‌ಹಬ್ ಖಾತೆಯಿಂದಲೇ ಒಳಹೋಗಬಹುದು. ನಿಮ್ಮ ಎಸ್‌ಎಸ್‌ಎಚ್ ಕೀಲಿಯನ್ನು ಅಲ್ಲಿ ಸೇರಿಸಿ, ಪೋರ್ಟ್ 29418. ಗೆರಿಟ್ ಕೊಡುವ ಕಮಿಟ್-ಸಂದೇಶದ ಹುಕ್ ಅನ್ನು (ಕಮಿಟ್ ಮಾಡುವಾಗ ತಾನಾಗಿ ಓಡುವ ಪುಟ್ಟ ಸ್ಕ್ರಿಪ್ಟ್) ರೆಪಾಸಿಟರಿಯಲ್ಲಿ ಸ್ಥಾಪಿಸಿದರೆ ಪ್ರತಿ ಕಮಿಟ್‌ಗೂ ಚೇಂಜ್-ಐಡಿ ಎಂಬ ಸಾಲು ಸೇರುತ್ತದೆ. ಕಳುಹಿಸುವ ಗುರಿ ನೇರ ಮಾಸ್ಟರ್ ಶಾಖೆಯಲ್ಲ, ಪರಿಶೀಲನೆಗೆಂದೇ ಇರುವ ರೆಫ್ಸ್-ಫಾರ್-ಮಾಸ್ಟರ್. ತಿದ್ದುಪಡಿ ಕೇಳಿದರೆ ಹೊಸ ಕಮಿಟ್ ಮಾಡಬೇಡಿ. ಅದೇ ಕಮಿಟ್ ಅನ್ನು ಅಮೆಂಡ್ ಮಾಡಿ, ಚೇಂಜ್-ಐಡಿ ಹಾಗೆಯೇ ಉಳಿಸಿ ಮತ್ತೆ ಕಳುಹಿಸಿ. ಗೆರಿಟ್ ಅದನ್ನು ಅದೇ ಬದಲಾವಣೆಯ ಮುಂದಿನ ಆವೃತ್ತಿ ಎಂದು ಗುರುತಿಸುತ್ತದೆ.

ಕಳುಹಿಸುವ ಮೊದಲು ಓಪನ್‌ಬಿಎಂಸಿ-ಬಿಲ್ಡ್-ಸ್ಕ್ರಿಪ್ಟ್ಸ್ ಎಂಬ ರೆಪಾಸಿಟರಿಯ ಡಾಕರ್ ಯೂನಿಟ್ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಿ. ಜೆಂಕಿನ್ಸ್ ಅಲ್ಲಿ ಮಾಡುವ ಪರೀಕ್ಷೆಯೇ ಇಲ್ಲೂ ನಡೆಯುತ್ತದೆ. ಶೈಲಿ, ಕಮಿಟ್ ಸಂದೇಶದ ಕಾಗುಣಿತ, ಯೂನಿಟ್ ಪರೀಕ್ಷೆ ಎಲ್ಲವೂ. ಹೊಸಬರ ಪ್ಯಾಚಿಗೆ ಜೆಂಕಿನ್ಸ್ ತಾನಾಗಿ ಓಡುವುದಿಲ್ಲ. ನಿರ್ವಾಹಕರಲ್ಲೊಬ್ಬರು ಪರೀಕ್ಷಿಸಬಹುದು ಎಂಬ ಗುರುತು ಕೊಡಬೇಕು. ಒಂದೆರಡು ದಿನ ಏನೂ ಅಲುಗದಿದ್ದರೆ ಪ್ಯಾಚ್ ತಿರಸ್ಕಾರವಾಯಿತೆಂದು ತಿಳಿಯಬೇಡಿ. ಯಾರು ನೋಡಬೇಕೆಂಬುದು ಪ್ರತಿ ರೆಪಾಸಿಟರಿಯ ಓನರ್ಸ್ ಕಡತದಲ್ಲಿದೆ, ಗೆರಿಟ್ ಅವರನ್ನು ತಾನೇ ಸೇರಿಸುತ್ತದೆ.

ಕರ್ನಲ್ ಬದಲಾವಣೆ ಇದ್ದರೆ ದಾರಿ ಬೇರೆ: ಮೊದಲು ಲಿನಕ್ಸ್ ಕರ್ನಲ್ ಸಮುದಾಯಕ್ಕೇ ಕಳುಹಿಸಬೇಕು. ಮೊದಲ ಪ್ಯಾಚಿಗೆ ಆ ದಾರಿ ಬೇಡ.

ದೊಡ್ಡ ಬದಲಾವಣೆಯ ಆಸೆ ಹುಟ್ಟಿದಾಗ ಕೋಡ್ ಬರೆಯುವ ಮೊದಲು ವಿನ್ಯಾಸ ಪತ್ರ ಬರೆಯಬೇಕು. ಅದಕ್ಕೆ ಸಿದ್ಧ ನಮೂನೆ ಇದೆ: ಸಮಸ್ಯೆ, ಹಿನ್ನೆಲೆ, ಅಗತ್ಯಗಳು, ಪ್ರಸ್ತಾವಿತ ವಿನ್ಯಾಸ, ಪರಿಗಣಿಸಿದ ಬೇರೆ ದಾರಿಗಳು, ಪರಿಣಾಮಗಳು, ಪರೀಕ್ಷೆ. ಬೇರೆ ದಾರಿಗಳ ಭಾಗವನ್ನು ಬಹಳ ಜನ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದನ್ನೇ ಚೆನ್ನಾಗಿ ಬರೆಯಿರಿ. ಪರಿಶೀಲಕರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಅಲ್ಲೇ ತೀರುತ್ತವೆ.

ಟಿಪ್ಪಣಿಗಳು ಬಂದ ಮೇಲೆ ಪ್ರತಿಯೊಂದಕ್ಕೂ ಉತ್ತರ ಕೊಡಿ: ತಿದ್ದಿದ್ದರೆ ತಿದ್ದಿದೆ ಎಂದು, ಒಪ್ಪದಿದ್ದರೆ ಏಕೆಂದು. ಅವರ ವಾಕ್ಯಗಳು ಚಿಕ್ಕದಾಗಿ, ಕೆಲವೊಮ್ಮೆ ಒರಟಾಗಿ ಕಾಣಬಹುದು. ನಮ್ಮಲ್ಲಿ ಹಿರಿಯರು ತಪ್ಪು ತೋರಿಸಿದರೆ ಸುಮ್ಮನಿರುವುದು ಮರ್ಯಾದೆ. ಅಲ್ಲಿ ಸುಮ್ಮನಿದ್ದರೆ ನೀವು ಪ್ಯಾಚ್ ಕೈಬಿಟ್ಟಿದ್ದೀರಿ ಎಂದು ತಿಳಿಯುತ್ತಾರೆ. ಒಂದು ವಾರ ಯಾರೂ ನೋಡದಿದ್ದರೆ ಅದೇ ಪ್ಯಾಚಿನ ಕೆಳಗೆ ವಿನಯದಿಂದ ಒಂದು ಸಾಲು ಕೇಳಿ. ಕಾಯುವ ಆ ವಾರದಲ್ಲಿ ಸೆನ್ಸರ್‌ಗಳ ಯಾಮಲ್ ಕಡತಗಳನ್ನು ಒಂದೊಂದಾಗಿ ತೆರೆದು, ವಿವರಣೆ ಓದಿ, ಅಳತೆಮಾನ ಹೇಳದಿರುವ ಮೊದಲ ಗುಣ ಸಿಕ್ಕ ಕೂಡಲೇ ಎರಡನೆಯ ಪ್ಯಾಚ್ ಆರಂಭಿಸಿ.